ಚೈನೀಸ್ ರೆಸ್ಟೋರೆಂಟ್ ಮೆನುವಿನಲ್ಲಿ ಡಿಮ್ ಸಮ್ ಜೊತೆ ಸುಶಿಯೂ ಇರುತ್ತದಲ್ಲ, ಎರಡೂ ಚೀನಾದ್ದೇನಾ?

ಅಲ್ಲ. ಡಿಮ್ ಸಮ್ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯದು, ಸುಶಿ ಜಪಾನಿನದು. ಅಮೆರಿಕದಲ್ಲಿ ಮನೆಮಂದಿಯೇ ನಡೆಸುವ ಎಷ್ಟೋ ಚೈನೀಸ್ ರೆಸ್ಟೋರೆಂಟ್‌ಗಳಲ್ಲಿ ಗಿರಾಕಿಗಳು ಕೇಳುತ್ತಾರೆಂದು ಎರಡನ್ನೂ ಇಟ್ಟಿರುತ್ತಾರೆ.

ನನ್ನ ಮಾತು ಕೇಳುವುದಾದರೆ ಮೊದಲು ಡಿಮ್ ಸಮ್ ತಿನ್ನಿ. ಅದು ಬೆಳಗ್ಗೆ ಚಹಾ ಕುಡಿಯುತ್ತಾ ಮನೆಯವರೆಲ್ಲ ಹಂಚಿಕೊಂಡು ತಿನ್ನುವ ತಿಂಡಿ. ಹೆಚ್ಚಿನವನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ, ನಮ್ಮ ಕಡುಬಿನ ಹಾಗೆ. ಹರ್ ಗಾವ್ ತರಿಸಿ. ಒಳಗೆ ಸೀಗಡಿ, ಹೊರಗೆ ಗೋಧಿ ಪಿಷ್ಟದ ಹೊದಿಕೆ, ಸೀಗಡಿಯ ಬಣ್ಣ ಕಾಣುವಷ್ಟು ತೆಳು! ಆರಿದರೆ ಹೊದಿಕೆ ಗಟ್ಟಿಯಾಗುತ್ತದೆ, ಬಿಸಿಬಿಸಿಯಾಗಿಯೇ ತಿನ್ನಿ. ಚಹಾ ಮುಗಿದರೆ ಪಾಟಿನ ಮುಚ್ಚಳ ಓರೆ ಮಾಡಿಡಿ. ಕರೆಯದಿದ್ದರೂ ಬಂದು ಬಿಸಿನೀರು ತುಂಬಿಸುತ್ತಾರೆ.

ಸುಶಿಯ ಜೀವ ಇರುವುದು ವಿನೆಗರ್ ಬೆರೆಸಿದ ಅನ್ನದಲ್ಲಿ, ಮೀನೇ ಬೇಕೆಂದಿಲ್ಲ. ಸಸ್ಯಾಹಾರಿಗಳು ಸೌತೆಕಾಯಿಯ ಕಪ್ಪಾ ಮಾಕಿ ಕೇಳಬಹುದು.