ಹಣ ಕೊಟ್ಟಿದ್ದೀರಿ, ಹಕ್ಕು ಬರೆಸಿಕೊಂಡಿಲ್ಲ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರದ ಸಾರ: "ನಮ್ಮದು ಆರು ಜನರ ಸಾಫ್ಟ್‌ವೇರ್ ಸಂಸ್ಥೆ. ನರ್ಸಿಂಗ್ ಹೋಮ್‌ಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತೇವೆ. ಮೊದಲ ಆವೃತ್ತಿಯನ್ನು ಕಾಲೇಜಿನ ಗೆಳೆಯನೊಬ್ಬ ತನ್ನ ಮನೆಯಿಂದಲೇ ಬರೆದುಕೊಟ್ಟ. ನಾಲ್ಕು ಕಂತಿನಲ್ಲಿ 1,80,000 ರೂಪಾಯಿ ಕೊಟ್ಟೆವು. ಈಗ ಹೂಡಿಕೆದಾರರೊಬ್ಬರು, ಕೋಡ್ ನಿಮ್ಮದೇ ಎನ್ನುವುದಕ್ಕೆ ಕಾಗದ ತೋರಿಸಿ ಎನ್ನುತ್ತಿದ್ದಾರೆ. ಗೆಳೆಯ ಸಹಿ ಹಾಕದೆ ಪಾಲು ಕೇಳುತ್ತಿದ್ದಾನೆ. ಇದು ಮೋಸವಲ್ಲವೇ? ನಮ್ಮಂಥ ಸಣ್ಣವರಿಗೂ ವಕೀಲರು ಬೇಕೇ?"

ಮಾನ್ಯರೇ,

ನಿಮ್ಮ ಸಂಕಟ ಅರ್ಥವಾಗುತ್ತದೆ. ಮೋಸ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನೀವು ಕಳುಹಿಸಿದ ವಾಟ್ಸ್‌ಆ್ಯಪ್ ಸಂಭಾಷಣೆಯ ಪ್ರತಿಗಳನ್ನು ಎರಡು ಸಲ ಓದಿದೆ. "ಮೂರನೇ ಕಂತು ತಲುಪಿತು, ರಸೀದಿ ಮುದ್ರಿಸುವ ಭಾಗ ನಾಳೆ ಕೊಡುತ್ತೇನೆ" ಎಂದು ಅವರು ಬರೆದಿದ್ದಾರೆ. "ಬೇಗ ಮುಗಿಸು, ಆಸ್ಪತ್ರೆಯವರು ಕಾಯುತ್ತಿದ್ದಾರೆ" ಎಂದು ನೀವು. ಒಂಬತ್ತು ತಿಂಗಳ ಆ ಮಾತುಕತೆಯಲ್ಲಿ ಕೋಡ್ ಯಾರದು ಎಂಬ ಪ್ರಶ್ನೆಯನ್ನು ಇಬ್ಬರೂ ಒಮ್ಮೆಯೂ ಎತ್ತಿಲ್ಲ.

ಇಬ್ಬರೂ ಸುಮ್ಮನಿದ್ದಾಗ ಕಾನೂನು ಉತ್ತರ ಕೊಡುತ್ತದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಇರಿಸಿದೆ. ಅಂದರೆ ನಿಮ್ಮ ಬಿಲ್ಲಿಂಗ್ ತಂತ್ರಾಂಶ ಮತ್ತು ನಮ್ಮ ಪತ್ರಿಕೆಯ ಒಂದು ಕಥೆ ಎರಡಕ್ಕೂ ನಿಯಮ ಹೆಚ್ಚುಕಡಿಮೆ ಒಂದೇ. ಬರೆದವರೇ ಮೊದಲ ಒಡೆಯರು. ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರಿಲ್ಲದಿದ್ದರೆ, ಸಂಸ್ಥೆಯದು. ನಿಮ್ಮ ಗೆಳೆಯ ನೌಕರರಾಗಿರಲಿಲ್ಲ. ಹಣ ಕೊಟ್ಟು ಫೋಟೊ ತೆಗೆಸಿದರೆ ಅದರ ಹಕ್ಕು ಸಾಮಾನ್ಯವಾಗಿ ತೆಗೆಸಿದವರಿಗೆ ಸೇರುತ್ತದೆ ಎಂದು 17ನೇ ಸೆಕ್ಷನ್ ಹೇಳುತ್ತದೆ. ಹಣ ಕೊಟ್ಟು ಬರೆಸಿದ ಕೋಡಿಗೆ ಆ ಸವಲತ್ತನ್ನು ಅದು ಕೊಟ್ಟಿಲ್ಲ. ಹಣ ಕೊಟ್ಟಿದ್ದರಿಂದ ಬಳಸುವ ಅನುಮತಿ ನಿಮಗಿದೆ ಎಂದು ವಾದಿಸಬಹುದು. ಒಡೆತನ ಬೇಕೆಂದರೆ ಗೆಳೆಯನ ಸಹಿ ಇರುವ ಬರಹವೇ ಬೇಕು. ಆಮೇಲೆ ನಿಮ್ಮ ನೌಕರರು ಸೇರಿಸಿದ ಭಾಗಗಳು ಸಂಸ್ಥೆಯವೇ. ಆದರೆ ಅವು ನಿಂತಿರುವ ಅಡಿಪಾಯ ನಿಮ್ಮ ಗೆಳೆಯನದು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹಿಂದೊಮ್ಮೆ ನಮ್ಮಲ್ಲಿ ಪ್ರಕಟವಾದ ಲೇಖನಗಳನ್ನು ಪುಸ್ತಕವಾಗಿ ತರಲು ಹೊರಟಾಗ, ಸಂಭಾವನೆ ಕೊಟ್ಟಿದ್ದೇವಲ್ಲ ಎಂಬ ಧೈರ್ಯದಲ್ಲಿದ್ದೆವು. ಪತ್ರಿಕೆಯಲ್ಲಿ ಅಚ್ಚು ಹಾಕುವ ಅನುಮತಿಯಷ್ಟೇ ನಮ್ಮ ಕೈಯಲ್ಲಿತ್ತು. ಒಬ್ಬೊಬ್ಬ ಲೇಖಕರಿಗೂ ಪತ್ರ ಬರೆದು, ಒಪ್ಪಿಗೆ ಪಡೆದು, ಪುಸ್ತಕ ಮುದ್ರಣಕ್ಕೆ ಹೋಗುವಷ್ಟರಲ್ಲಿ ವರ್ಷವೇ ಕಳೆದಿತ್ತು.

ವಕೀಲರು ಬೇಕೇ ಎಂದು ಕೇಳಿದ್ದೀರಿ. ಬೇಕು. ಅದೂ ಇಂಥ ಕರಾರುಗಳನ್ನು ದಿನವೂ ಬರೆಯುವವರು. ಜಮೀನಿನ ವ್ಯಾಜ್ಯಗಳಲ್ಲಿ ಪಳಗಿದವರಿಗೆ ಇದನ್ನು ಒಪ್ಪಿಸಬೇಡಿ. ಹಕ್ಕು ವರ್ಗಾವಣೆ ಪತ್ರವನ್ನು ನೀವೇ ಬರೆದರೆ "ಎಲ್ಲ ಹಕ್ಕುಗಳೂ ಸಂಸ್ಥೆಗೆ ಸೇರಿದ್ದು" ಎಂಬ ಒಂದು ಸಾಲಿನಲ್ಲಿ ಮುಗಿಸುತ್ತೀರಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಅಷ್ಟಕ್ಕೆ ಬಿಡುವುದಿಲ್ಲ. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ವರ್ಗಾಯಿಸಿಕೊಂಡ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಹೊರತು, ಆ ಹಕ್ಕು ಕೈತಪ್ಪುತ್ತದೆ. ಮಸ್ಕತ್‌ನ ಕ್ಲಿನಿಕ್ ಒಂದು ನಿಮ್ಮ ತಂತ್ರಾಂಶ ಕೇಳಿದೆ ಎಂದು ಪತ್ರದ ಕೊನೆಯಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಪ್ರದೇಶದ ಹೆಸರಿಲ್ಲದ ಕಾಗದ ಹಿಡಿದು ಅಲ್ಲಿಗೆ ಹೋಗುವುದು ಹೇಗೆ?

ಒಳ್ಳೆಯ ವಕೀಲರು ಇಷ್ಟಕ್ಕೇ ನಿಲ್ಲದೆ, ಆ ಕೋಡಿನಲ್ಲಿ ಹೊರಗಿನಿಂದ ತಂದು ಸೇರಿಸಿದ ಓಪನ್ ಸೋರ್ಸ್ ಭಾಗಗಳ, ಅಂದರೆ ಯಾರು ಬೇಕಾದರೂ ಷರತ್ತಿಗೆ ಒಳಪಟ್ಟು ಬಳಸಬಹುದಾದ ಕೋಡಿನ, ಪಟ್ಟಿ ಕೇಳುತ್ತಾರೆ. ಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿಯ ಭಾಗ ಬೆರೆತಿರುವ ತಂತ್ರಾಂಶವನ್ನು ಇತರರಿಗೆ ಹಂಚಿದರೆ ನಿಮ್ಮ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾದೀತು. ಈ ಪಟ್ಟಿ ಮಾಡಲು ಗೆಳೆಯನ ನೆರವು ಬೇಕೇಬೇಕು. ಅವರೊಂದಿಗೆ ಮುನಿಸು ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ನೌಕರರ ನೇಮಕಾತಿ ಪತ್ರದಲ್ಲಿ, ಕೆಲಸ ಬಿಟ್ಟ ಮೇಲೆ 2 ವರ್ಷ ಬೇರೆ ಸಾಫ್ಟ್‌ವೇರ್ ಸಂಸ್ಥೆ ಸೇರಕೂಡದು ಎಂದು ಬರೆಸಿದ್ದೀರಂತೆ. ಅದನ್ನು ತೆಗೆದುಹಾಕಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ನಿರ್ಬಂಧ ಅನೂರ್ಜಿತ. ಹುಡುಗರನ್ನು ಹೆದರಿಸುವುದಕ್ಕಲ್ಲದೆ ಬೇರೆ ಉಪಯೋಗವಿಲ್ಲ. ಗೋಪ್ಯತೆಯ ಷರತ್ತು ಇರಲಿ, ಅದು ನ್ಯಾಯವಾದದ್ದು.

ದೊಡ್ಡ ಆಸ್ಪತ್ರೆಯೊಂದು ಕಳುಹಿಸಿರುವ ಕರಾರಿಗೆ ಇನ್ನೂ ಸಹಿ ಹಾಕಿಲ್ಲ ಎಂದಿದ್ದೀರಿ. ಸದ್ಯ, ಒಳ್ಳೆಯದಾಯಿತು. ರೋಗಿಗಳ ಮಾಹಿತಿ ಸೋರಿದರೆ ಎಲ್ಲ ನಷ್ಟವನ್ನೂ ನೀವೇ ಭರಿಸಬೇಕು ಎಂಬ ಸಾಲು ಅದರಲ್ಲಿದೆ. ಅದಕ್ಕೆ ಯಾವ ಮಿತಿಯೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆಸ್ಪತ್ರೆ ತನ್ನ ಭಾರವನ್ನು ನಿಮ್ಮ ಹೆಗಲಿಗೆ ದಾಟಿಸುತ್ತಿದೆ. ನಿಮ್ಮ ಹೊಣೆಗೆ ಒಂದು ಮಿತಿ ಹಾಕಿಸಿ, ಒಂದು ವರ್ಷದ ಶುಲ್ಕದಷ್ಟು ಎಂದೋ ಇನ್ನೇನೋ. ಚೌಕಾಸಿ ಮಾಡುವುದು ವಕೀಲರ ಕೆಲಸ.

ಬಾಕಿ ವಸೂಲಿಯ ಬಗ್ಗೆ ಒಂದೇ ಮಾತು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸದಿದ್ದರೆ ಈ ವಾರವೇ ಮಾಡಿಸಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಸಣ್ಣ ಸಂಸ್ಥೆಗಳ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ.

ಇನ್ನು ನಿಮ್ಮ ಗೆಳೆಯ. ನಿದ್ದೆಗೆಟ್ಟು ಬರೆದ ಕೋಡಿನ ಮೇಲೆ ಈಗ ದೊಡ್ಡ ಹಣ ಬರುತ್ತಿದೆ ಎಂದು ತಿಳಿದಾಗ ಅವರೂ ಪಾಲು ಕೇಳುವುದು ಸಹಜ. ಪಾಲು ಕೊಡುವುದೋ, ಒಂದೇ ಸಲಕ್ಕೆ ಇನ್ನೊಂದು ಮೊತ್ತ ಕೊಡುವುದೋ ನಿಮ್ಮಿಬ್ಬರಿಗೆ ಬಿಟ್ಟದ್ದು. ಬರೆದಿಟ್ಟಿರುವ ನೋಟಿಸನ್ನು ಅಂಚೆಗೆ ಹಾಕಬೇಡಿ. ಹಕ್ಕು ವರ್ಗಾವಣೆ ಪತ್ರದ ಕರಡು ಸಿದ್ಧವಾದ ಮೇಲೆ ನೀವೇ ಅವರ ಮನೆಗೆ ಹೋಗಿ, ಅವರ ಕೈಗೆ ಕೊಟ್ಟು, ಅವರ ವಕೀಲರಿಗೆ ತೋರಿಸಲು ಒಂದು ವಾರ ಬಿಟ್ಟು ಬನ್ನಿ.