ಉಳುಮೆ ನಿಲ್ಲಿಸಿದರೂ ಹುಲ್ಲುಗಾವಲು ಮರಳದೇಕೆ?

ಪ್ರಶ್ನೆ: ಸಹಜ ಹುಲ್ಲುಗಾವಲಾಗಿದ್ದ ಜಮೀನನ್ನು ಹತ್ತು ವರ್ಷ ಉತ್ತು, ರಸಗೊಬ್ಬರ ಹಾಕಿ ಬೆಳೆ ತೆಗೆದೆವು. ಬೀಳು ಬಿಟ್ಟು ನಾಲ್ಕು ವರ್ಷವಾದರೂ ಬರೀ ಕಳೆ. ಗೊಬ್ಬರ ಕೊಟ್ಟರೆ ಹಳೆಯ ಹುಲ್ಲು ಬಂದೀತೆ?

ಉತ್ತರ: ಗೊಬ್ಬರ ಬೇಡವೇ ಬೇಡ. ಹಾಕಿದ್ದೇ ಹೆಚ್ಚಾಗಿರುವ ಸಾಧ್ಯತೆಯಿದೆ. ಉಳಿದ ಸಾರಜನಕ ಮಳೆನೀರಿನೊಡನೆ ಬಸಿದುಹೋಗುತ್ತದೆ. ರಂಜಕ ಮಣ್ಣಿನ ಕಣಗಳಿಗೆ ಅಂಟಿ ದಶಕಗಟ್ಟಲೆ ಕೂರುತ್ತದೆ. ಸಾರ ಹೆಚ್ಚಿದ ನೆಲದಲ್ಲಿ ಸರಸರನೆ ಎತ್ತರಕ್ಕೇರುವ ನಾಲ್ಕೈದು ಜಾತಿಗಳು ಮಿಕ್ಕವಕ್ಕೆ ಬಿಸಿಲೇ ಬೀಳದಂತೆ ಮಾಡುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಒಂದೇ ಹುಲ್ಲುಗಾವಲಿನ ತಾಕುಗಳಿಗೆ ಬೇರೆ ಬೇರೆ ಗೊಬ್ಬರ ಹಾಕುತ್ತ ಬಂದಿದ್ದಾರೆ. ಏನೂ ಹಾಕದ ತಾಕಿನಲ್ಲಿ 30ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಸಾರಜನಕದ ಗೊಬ್ಬರವಾದ ಅಮೋನಿಯಂ ಸಲ್ಫೇಟ್ ಧಾರಾಳವಾಗಿ ಬಿದ್ದು, ಸುಣ್ಣ ಕಾಣದೆ ಹುಳಿಯಾದ ತಾಕಿನಲ್ಲಿ ಎರಡೋ ಮೂರೋ.

ಇನ್ನೊಂದು ಪೆಟ್ಟು ನೇಗಿಲಿನದು. ಬಹುವಾರ್ಷಿಕ ಹುಲ್ಲು ಬುಡದ ಮೊಗ್ಗುಗಳಿಂದ ತೆಂಡೆ (ಹೊಸ ಕವಲು) ಒಡೆದು ಬದುಕುತ್ತದೆ. ಬುಡವೇ ಮಗುಚಿದ ಮೇಲೆ ಬೀಜವೊಂದೇ ದಾರಿ, ಅಂಥ ಹಲವು ಹುಲ್ಲುಗಳ ಬೀಜವೋ ಮಣ್ಣಿನಲ್ಲಿ ಕೆಲವೇ ವರ್ಷ ಬಾಳುವುದು. ಕಳೆಬೀಜಕ್ಕೆ ಆಯಸ್ಸು ಜಾಸ್ತಿ.

ಮೊದಲು ಗುದ್ದಲಿ ಹಿಡಿದು 30 ಸೆಂ.ಮೀ. ಆಳದ ಗುಣಿ ತೆಗೆದು ಪಕ್ಕದ ಗೋಡೆ ನೋಡಿ. 15–20 ಸೆಂ.ಮೀ. ಹತ್ತಿರ ಬೇರುಗಳು ಅಡ್ಡಕ್ಕೆ ತಿರುಗಿ, ಹೆಂಟೆ ಹಲಗೆಯಂತೆ ಪದರಪದರವಾಗಿ ಒಡೆದರೆ ಅದು ನೇಗಿಲಿನಡಿ ಕೂತ ಗಟ್ಟಿಪದರ. ಮೇಲ್ಮಣ್ಣು ಮಗುಚದಂತೆ ಆಳಕ್ಕೆ ಸೀಳಿ ಅದನ್ನು ಒಡೆಯಬೇಕು. ಮಣ್ಣು ಪರೀಕ್ಷೆಯಲ್ಲಿ ರಂಜಕದ ಮಟ್ಟ ತಿಳಿದುಕೊಳ್ಳಿ. ಹೆಚ್ಚಿದ್ದರೆ ಹಲವು ವರ್ಷ, ಕಳೆ ಹೂ ಬಿಡುವ ಮೊದಲೇ ಕೊಯ್ದು ಹೊರಗೆ ಸಾಗಿಸಿ. ಅಲ್ಲೇ ಬಿಟ್ಟರೆ ಸಾರ ಮಣ್ಣಿಗೇ ವಾಪಸ್. ಒಂದು ಟನ್ ಒಣ ಸೊಪ್ಪಿನೊಂದಿಗೆ ಹೋಗುವ ರಂಜಕ ಸುಮಾರು 2–3 ಕಿಲೋ ಅಷ್ಟೇ, ಅವಸರ ಫಲಿಸದು.

ಆಮೇಲೆ ಬೀಜ. ಉಳುಮೆ ಕಾಣದ, ಹತ್ತಿರದ ಹುಲ್ಲುಗಾವಲಿನಲ್ಲಿ ತೆನೆ ಬಲಿತು ಉದುರುವ ಹೊತ್ತಿಗೆ ಒಂದು ಭಾಗವನ್ನಷ್ಟೇ ಕೊಯ್ದು, ಹಸಿಯಾಗಿರುವಾಗಲೇ ಅದೇ ದಿನ ಹರಡಿ. ರಾಶಿ ಹಾಕಿಟ್ಟರೆ ಒಳಗೆ ಕಾವು ಏರಿ ಬೀಜ ಸಾಯುತ್ತದೆ. ಕೊಯ್ದ ಜಾಗದ ಎರಡು ಮೂರು ಪಟ್ಟು ಜಾಗಕ್ಕೆ ಸಾಕು. ಹರಡುವ ಮುನ್ನ ಹಲುಬೆ (ಮೇಲ್ಮಣ್ಣು ಕೆದಕುವ ಹಲ್ಲಿನ ಸಲಕರಣೆ) ಆಡಿಸಿ, ಅರ್ಧದಷ್ಟಾದರೂ ಬರಿಮಣ್ಣು ಕಾಣಲಿ. ಬೀಜ ಒಂದು ಸೆಂ.ಮೀ.ಗಿಂತ ಆಳಕ್ಕೆ ಇಳಿಯಬಾರದು.

ಮೊದಲ ವರ್ಷ ಹುಲ್ಲು ಬೇರಿಗೇ ದುಡಿಯುತ್ತದೆ, ಮೇಲೆ ಕಾಣುವುದು ಕಳೆಯೇ. ಸೋತಿತೆಂದು ಮತ್ತೆ ಉತ್ತುಬಿಡುವವರೇ ಹೆಚ್ಚು! 10–15 ಸೆಂ.ಮೀ. ಎತ್ತರದಲ್ಲಿ ಕಳೆಯ ತಲೆ ಸವರುತ್ತಿರಿ, ಜಾನುವಾರು ಬಿಡಬೇಡಿ. ಎಳೆ ಹುಲ್ಲನ್ನು ಎಳೆದಾಗ ಬುಡಸಮೇತ ಕಿತ್ತುಬರದೆ ಎಲೆಯಷ್ಟೇ ಹರಿದು ಬಂದರೆ ಆಗ ಮೇಯಿಸಬಹುದು.