ಎಂ47 ಪ್ಯಾಟನ್‌ನ ಸುಧಾರಿತ ಮಾದರಿಯನ್ನು ಗೇಮ್‌ಗೆ ಸೇರಿಸಿ ಅಂತ ಕೇಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವು ಆಡುವ ಟ್ಯಾಂಕ್ ಗೇಮ್‌ಗೆ ಅಮೆರಿಕದ ಹಳೆಯ ಟ್ಯಾಂಕ್ ಎಂ47 ಪ್ಯಾಟನ್‌ನ ಸುಧಾರಿಸಿದ ಮಾದರಿಯೊಂದು ಬೇಕು. ಅದಕ್ಕಾಗಿ ಡೆವಲಪರ್‌ಗಳಿಗೆ ಪ್ರಸ್ತಾವ ಬರೆಯುತ್ತಿದ್ದೀರಿ. ಡೀಸೆಲ್ ಇಂಜಿನ್ ಹಾಕಿದ ಎಂ47ಎಂ ಕೇಳಬೇಕೋ, 105 ಮಿ.ಮೀ. ತೋಪಿರುವ ಸ್ಪೇನಿನ ಎಂ47ಇ2 ಕೇಳಬೇಕೋ ಅನ್ನೋ ಗೊಂದಲ. ಹಿಂದೆ ಒಂದು ಸಲ ಕಳಿಸಿದಾಗ "ಇಂಥದ್ದು ಈಗಾಗಲೇ ಇದೆ" ಅನ್ನೋ ಒಂದು ಸಾಲಿನ ಉತ್ತರ ಬಂದಿದೆ.

ಇ2 ಕೇಳಿ. ಆದರೆ ಅದು ಎಷ್ಟು ಒಳ್ಳೆಯ ಟ್ಯಾಂಕ್ ಅಂತ ಹೊಗಳಿ ಬರೆಯಬೇಡಿ. ಅದರಲ್ಲಿ ಏನು ಕೊರತೆ ಇದೆ, ಆ ಕೊರತೆಯಿಂದ ಆಟ ಹೇಗೆ ಬೇರೆಯಾಗುತ್ತದೆ, ಅದನ್ನು ಬರೆಯಿರಿ. ಪ್ರಸ್ತಾವ ಓದುವವನಿಗೆ ಬೇಕಾಗಿರುವುದು ಅದೇ. ಬರುವ ಪತ್ರಗಳಲ್ಲೆಲ್ಲ ಪ್ರತಿ ಟ್ಯಾಂಕೂ ಒಳ್ಳೆಯದೇ ಆಗಿರುತ್ತದೆ ಅಲ್ವಾ!

ಮೊದಲು ಎಂ47ಎಂ ಯಾಕೆ ಬೇಡ ಅಂತ ಹೇಳುತ್ತೇನೆ. ಮೂಲ ಎಂ47 ಹುಟ್ಟಿದ್ದೇ ಅವಸರದಲ್ಲಿ. ಕೊರಿಯಾ ಯುದ್ಧ ಶುರುವಾದಾಗ ಅಮೆರಿಕದ ಬಳಿ ಹೊಸ ಟ್ಯಾಂಕ್ ಸಿದ್ಧವಿರಲಿಲ್ಲ. ಹಾಗಾಗಿ ಹಿಂದಿನ ಟ್ಯಾಂಕ್ ಎಂ46ರ ಒಡಲನ್ನು ಸ್ವಲ್ಪ ತಿದ್ದಿ, ಟಿ42 ಅನ್ನೋ ಪ್ರಯೋಗದ ಟ್ಯಾಂಕಿಗೆ ಮಾಡಿದ್ದ ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ತಂದು ಮೇಲೆ ಕೂರಿಸಿದರು. 1951ರಿಂದ 1953ರವರೆಗೆ ಎಂಟು ಸಾವಿರಕ್ಕೂ ಜಾಸ್ತಿ ತಯಾರಾದವು. ಮುಂದಿನ ಟ್ಯಾಂಕ್ ಎಂ48 ಬರುತ್ತಿದ್ದಂತೆ ಅಮೆರಿಕ ಇವನ್ನು ಮಿತ್ರ ದೇಶಗಳಿಗೆ ಹಂಚಿಬಿಟ್ಟಿತು. 1965ರಲ್ಲಿ ಖೇಮ್ ಕರಣ್ ಬಳಿಯ ಅಸಲ್ ಉತ್ತರ್ ಕದನದಲ್ಲಿ ಪಾಕಿಸ್ತಾನ ಕಳೆದುಕೊಂಡ ಪ್ಯಾಟನ್‌ಗಳಲ್ಲಿ ಎಂ47 ಕೂಡ ಇದ್ದವು. ಆ ಹೆಸರು ನಮಗೆಲ್ಲ ಪರಿಚಯವಾಗಿದ್ದೇ ಅಲ್ಲಿಂದ.

ಈ ಟ್ಯಾಂಕಿನ ದೊಡ್ಡ ತಲೆನೋವು ಪೆಟ್ರೋಲ್. 810 ಎಚ್‌ಪಿ ಇಂಜಿನ್, 46 ಟನ್ ತೂಕ. ಟ್ಯಾಂಕಿ ತುಂಬಿಸಿದರೆ ಸುಮಾರು 130 ಕಿ.ಮೀ. ಅಷ್ಟೇ ಓಟ. ಎಂ47ಎಂ ಮಾಡಿದ್ದು ಇದಕ್ಕೆ ಮದ್ದಾಗಿ. ಎಂ60ಎ1ರಲ್ಲಿದ್ದ 750 ಎಚ್‌ಪಿ ಡೀಸೆಲ್ ಇಂಜಿನ್, ಅದೇ ಟ್ಯಾಂಕಿನ ಗುರಿ ಹಿಡಿಯುವ ಉಪಕರಣಗಳಲ್ಲಿ ಕೆಲವು. ಓಟ 600 ಕಿ.ಮೀ. ಹತ್ತಿರಕ್ಕೆ ಹೋಯಿತು. ಚಾಲಕನ ಪಕ್ಕ ಕೂತು ಮುಂದಿನ ಮೆಷಿನ್ ಗನ್ ಹಿಡಿಯುತ್ತಿದ್ದವನನ್ನು ತೆಗೆದು, ಆ ಜಾಗದಲ್ಲಿ ಇನ್ನಷ್ಟು ಗುಂಡು ಜೋಡಿಸಿದರು. ಇರಾನ್ ಮತ್ತು ಪಾಕಿಸ್ತಾನ ಇವನ್ನು ತೆಗೆದುಕೊಂಡವು.

ಸೈನ್ಯಕ್ಕೆ ಇದೆಲ್ಲ ವರ. ಆದರೆ ಗೇಮ್‌ನಲ್ಲಿ ಏನಾಗುತ್ತದೆ ನೋಡಿ. ಹತ್ತು ಹದಿನೈದು ನಿಮಿಷದ ಪಂದ್ಯದಲ್ಲಿ ಯಾರ ಇಂಧನವೂ ಖಾಲಿಯಾಗುವುದಿಲ್ಲ. 130 ಆದರೇನು, 600 ಆದರೇನು? ಇಂಜಿನ್ ಅಂಕಿ ಮಾತ್ರ 810ರಿಂದ 750ಕ್ಕೆ ಇಳಿದಂತೆ ಕಾಣುತ್ತದೆ. ನಾಲ್ಕೇ ಜನ ಸಿಬ್ಬಂದಿ ಅಂದರೆ, ವಾರ್ ಥಂಡರ್ ಥರ ಸಿಬ್ಬಂದಿ ಸತ್ತರೆ ಟ್ಯಾಂಕ್ ಹೋಯಿತು ಅನ್ನೋ ಗೇಮ್‌ನಲ್ಲಿ ಒಂದು ಜೀವ ಕಡಿಮೆ. ಇನ್ನು ಚಾಲಕನ ಬಲಕ್ಕೆ ಜೋಡಿಸಿದ ಆ ಹೆಚ್ಚುವರಿ ಗುಂಡು! ಎದುರಾಳಿ ಮುಂಭಾಗದ ಬಲಬದಿಗೆ ಒಂದು ಹೊಡೆದರೆ ಟ್ಯಾಂಕ್ ಪೂರ್ತಿ ಸಿಡಿಯುತ್ತದೆ. ತೋಪು ಹಳೆಯ 90 ಮಿ.ಮೀ. ಅದೇ. ಅಂದರೆ ಸೈನ್ಯ ದುಡ್ಡು ಸುರಿದು ಸುಧಾರಿಸಿದ್ದು ಆಟಗಾರನ ಕೈಗೆ ಬಂದಾಗ ಮೂಲದ್ದಕ್ಕಿಂತ ಒಂದು ಗುಲಗಂಜಿ ಕೆಟ್ಟದ್ದೇ ಆಗಿರುತ್ತದೆ. "ಇಂಥದ್ದು ಈಗಾಗಲೇ ಇದೆ" ಅಂತ ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಇ2 ಹಾಗಲ್ಲ. ಸ್ಪೇನ್ ತನ್ನ ಎಂ47ಗಳಿಗೆ ಕ್ರೈಸ್ಲರ್ ಎಸ್ಪಾನಾ ಕಂಪನಿಯಿಂದ ಇದೇ ಬಗೆಯ ಡೀಸೆಲ್ ಇಂಜಿನ್ ಹಾಕಿಸಿತು. 90 ಮಿ.ಮೀ. ತೋಪು ಉಳಿಸಿಕೊಂಡವು ಇ1. ಐವತ್ತನ್ನೂ ಮುಟ್ಟದಷ್ಟು ಟ್ಯಾಂಕುಗಳಿಗೆ ಮಾತ್ರ ರೈನ್‌ಮೆಟಾಲ್‌ನ 105 ಮಿ.ಮೀ. ತೋಪು ಬಂತು. ಅದೇ ಇ2. ಹೊರಗಿನಿಂದ 1951ರ ಟ್ಯಾಂಕ್, ಹೊಡೆತ ಮಾತ್ರ ಜರ್ಮನಿಯ ಲೆಪರ್ಡ್ 1 ಟ್ಯಾಂಕಿನ ಸಾಲಿನದ್ದು. ನಿಮ್ಮ ಪ್ರಸ್ತಾವದ ಜೀವ ಇರುವುದು ಈ ಅಂತರದಲ್ಲಿ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಸಾಲದು, ಲೆಕ್ಕ ಮಾಡಿ ತೋರಿಸಿ. ಎಂ47ರ ಒಡಲಿನ ಮುಂಭಾಗದ ಮೇಲಿನ ತಗಡು 102 ಮಿ.ಮೀ., ನೇರಕ್ಕಿಂತ 60 ಡಿಗ್ರಿ ಹಿಂದಕ್ಕೆ ಒರಗಿದೆ. 60 ಡಿಗ್ರಿಯ ಕೊಸೈನ್ ಅರ್ಧ. ಹಾಗಾಗಿ ಅಡ್ಡವಾಗಿ ಬರುವ ಗುಂಡು 204 ಮಿ.ಮೀ. ಉಕ್ಕು ದಾಟಬೇಕು. ಕೇಳೋಕೆ ಚೆನ್ನಾಗಿದೆ. ಟರೆಟ್ ಮುಂಭಾಗವೂ 102 ಮಿ.ಮೀ., ಆದರೆ ವಾಲಿರುವುದು 40 ಡಿಗ್ರಿ ಮಾತ್ರ. ಲೆಕ್ಕ ಹಾಕಿದರೆ 133 ಮಿ.ಮೀ. ಆಸುಪಾಸು. ಈಗ ಎದುರಾಳಿಗಳನ್ನು ನೋಡಿ. 105 ಮಿ.ಮೀ. ತೋಪಿರುವ ಟ್ಯಾಂಕುಗಳ ಮಟ್ಟದಲ್ಲಿ ಹೀಟ್ ಗುಂಡು (ಸ್ಫೋಟದ ಬಲದಿಂದ ಲೋಹದ ಧಾರೆ ಚಿಮ್ಮಿಸಿ ಕವಚ ಕೊರೆಯುವಂಥದ್ದು) ಸಾಮಾನ್ಯ. ಅವು 300 ಮಿ.ಮೀ. ಸುಲಭವಾಗಿ ದಾಟುತ್ತವೆ. ಅವಕ್ಕೆ ಆ 204 ಕೂಡ ಲೆಕ್ಕಕ್ಕಿಲ್ಲ. 133ರ ಮಾತಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ: ಈ ಕೊಸೈನ್ ಲೆಕ್ಕ ಹೀಟ್ ಗುಂಡಿಗೆ ಸರಿಹೊಂದುತ್ತದೆ. ಹಳೆಯ ಗಟ್ಟಿ ಗುಂಡು ಇಷ್ಟು ವಾಲಿದ ತಗಡಿಗೆ ಬಡಿದರೆ ಜಾರಿಹೋಗುತ್ತದೆ, ಹಾಗಾಗಿ ಅದಕ್ಕೆ ಈ ತಗಡು ಇನ್ನೂ ದಪ್ಪ ಇದ್ದಂತೆ. ಎರಡನ್ನೂ ಬೇರೆ ಬೇರೆ ಸಾಲಲ್ಲಿ ಬರೆಯಿರಿ. ಡೆವಲಪರ್‌ಗಳು ಮೊದಲು ಕಣ್ಣು ಹಾಯಿಸುವುದೇ ಇಂಥ ಕಡೆ. ಇಲ್ಲಿ ಕಲಸಿಬಿಟ್ಟರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಇಂಜಿನ್ ವಿಷಯದಲ್ಲೂ ಇಂಥದ್ದೇ ಒಂದು ಬಲೆ ಇದೆ. 810, 750 ಎರಡೂ ಗ್ರಾಸ್ ಅಂಕಿಗಳು, ಅಂದರೆ ಫ್ಯಾನ್ ಮುಂತಾದವಕ್ಕೆ ಹೋಗುವ ಶಕ್ತಿ ಕಳೆಯದೆ ಹೇಳಿದ್ದು; ಕಳೆದು ಉಳಿದದ್ದು ನೆಟ್. ಇವು ಗಾಳಿಯಿಂದ ತಣಿಯುವ ಇಂಜಿನ್‌ಗಳು, ದೊಡ್ಡ ಫ್ಯಾನ್ ತಿರುಗಿಸೋಕೆ ಸಾಕಷ್ಟು ಶಕ್ತಿ ಹೋಗುತ್ತದೆ. ಒಂದರ ಗ್ರಾಸ್ ಅಂಕಿಯನ್ನು ಇನ್ನೊಂದರ ನೆಟ್ ಅಂಕಿಯ ಪಕ್ಕ ಇಡಬೇಡಿ. ಗ್ರಾಸ್ ಲೆಕ್ಕದಲ್ಲೇ ಹೋದರೆ ಮೂಲ ಎಂ47ಕ್ಕೆ ಟನ್ನಿಗೆ ಸುಮಾರು 17.6 ಎಚ್‌ಪಿ, ಡೀಸೆಲ್ ಹಾಕಿದ್ದಕ್ಕೆ ಸುಮಾರು 16. ಲೆಪರ್ಡ್ 1ಕ್ಕೆ 40 ಟನ್ನಿಗೆ 830 ಎಚ್‌ಪಿ, ಅಂದರೆ 20ರ ಮೇಲೆ. ಹಾಗಾಗಿ ಇ2 ವೇಗದ ಟ್ಯಾಂಕ್ ಅಲ್ಲ ಅಂತ ನೀವೇ ಮೊದಲು ಒಪ್ಪಿಕೊಳ್ಳಿ.

ಇನ್ನೊಂದು ಸಂಗತಿ ಇದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಎಂ47ರ ತೋಪು ಕೆಳಕ್ಕೆ 5 ಡಿಗ್ರಿ ಮಾತ್ರ ಬಾಗುತ್ತದೆ. ಎಂ48 ಮತ್ತು ಲೆಪರ್ಡ್ 1 ಎರಡಕ್ಕೂ 9 ಡಿಗ್ರಿ. ನಾಲ್ಕು ಡಿಗ್ರಿ ಏನು ಮಹಾ ಅನ್ನಿಸಬಹುದು. ಆಟದಲ್ಲಿ ಅದೇ ಎಲ್ಲ. ದಿಬ್ಬದ ಹಿಂದೆ ಒಡಲು ಅಡಗಿಸಿ, ಟರೆಟ್ ಮಾತ್ರ ತೋರಿಸಿ ಹೊಡೆಯುವುದು ಅಮೆರಿಕದ ಟ್ಯಾಂಕುಗಳ ಹುಟ್ಟುಗುಣ ಅಂತ ಆಟಗಾರರು ನಂಬಿರುತ್ತಾರೆ. ಎಂ47 ತಂದು ದಿಬ್ಬದ ನೆತ್ತಿಗೆ ಏರಿಸಿದರೆ ತೋಪಿನ ಮೂತಿ ಆಕಾಶ ನೋಡುತ್ತಿರುತ್ತದೆ. ಕೆಳಗಿರುವ ಶತ್ರು ಕಾಣುತ್ತಾನೆ, ಹೊಡೆಯಲು ಆಗುವುದಿಲ್ಲ. ಹೊಡೆಯಬೇಕೆಂದರೆ ಇನ್ನೂ ಮುಂದೆ ಬರಬೇಕು, ಅಷ್ಟರಲ್ಲಿ ಒಡಲು ಪೂರ್ತಿ ಹೊರಗೆ. ಈ ವಿಷಯದಲ್ಲಿ ಇದು ಸೋವಿಯತ್ ಟ್ಯಾಂಕ್ ಟಿ-54ರ ಅಣ್ಣತಮ್ಮ.

ಆದರೆ ಟಿ-54ಕ್ಕೆ ಇಲ್ಲದ ಒಂದು ಅನುಕೂಲ ಇದಕ್ಕಿದೆ. ಟಿ-54 ಹಿಂದಕ್ಕೆ ಹೋಗುವುದು ಗಂಟೆಗೆ ಸುಮಾರು 7 ಕಿ.ಮೀ. ವೇಗದಲ್ಲಿ, ಮನುಷ್ಯ ಚುರುಕಾಗಿ ನಡೆದಷ್ಟು. ಪ್ಯಾಟನ್‌ಗಳ ಸಿಡಿ-850 ಗೇರ್‌ಬಾಕ್ಸ್ ಅದಕ್ಕಿಂತ ಬೇಗ ಹಿಂದೆ ಸರಿಯುತ್ತದೆ, ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಟರೆಟ್ ಮುಂದಕ್ಕೆ ಚೂಪಾಗಿದೆ, ಎಂ48ರ ದುಂಡು ಟರೆಟ್‌ಗಿಂತ ಅಗಲ ಕಡಿಮೆ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಆಡುವ ರೀತಿ ತಾನಾಗಿ ಕಾಣುತ್ತದೆ. ಸಮತಟ್ಟು ಜಾಗದಲ್ಲಿ ಮನೆಯ ಮೂಲೆಯಿಂದಲೋ ಬಂಡೆಯ ಮರೆಯಿಂದಲೋ ಇಣುಕಿ, ಒಂದೇ ಏಟು ಹೊಡೆದು, ಹಿಂದೆ ಸರಿಯುವ ಟ್ಯಾಂಕ್ ಇದು. ದಿಬ್ಬ ಇರುವ ಮ್ಯಾಪ್‌ನಲ್ಲಿ ಪರದಾಡುತ್ತದೆ. 105 ಮಿ.ಮೀ. ತೋಪಿನ ಪ್ಯಾಟನ್ ಅಂದರೆ ಎಂ48ಎ5 ಎಂದು ನೆನೆಯುವವರಿಗೆ "ಇದು ಅದಲ್ಲ" ಅಂತ ತೋರಿಸಲು ಇಷ್ಟು ಸಾಕು.

ಯಾವ ಹಂತದಲ್ಲಿ ಇಡಬೇಕು ಅಂತ ನೀವು ಹೇಳಲೇಬೇಕು ಅಂತೇನಿಲ್ಲ. ಹೇಳುವುದಾದರೆ ಅಂಕಿ ಹಾಕದೆ, ಪಕ್ಕದ ಟ್ಯಾಂಕ್ ಹೆಸರಿಸಿ: "ಲೆಪರ್ಡ್ 1ಕ್ಕಿಂತ ಸ್ವಲ್ಪ ಕೆಳಗೆ, 90 ಮಿ.ಮೀ. ಎಂ47ಕ್ಕಿಂತ ಮೇಲೆ." ಹಂತದ ಅಂಕಿಗಳನ್ನು ಅವರು ಆಗಾಗ ಬದಲಿಸುತ್ತಿರುತ್ತಾರೆ, ನಿಮ್ಮ ಪತ್ರ ಹಳತಾಗುತ್ತದೆ. ಗೇಮ್‌ನಲ್ಲಿ ಸ್ಪೇನಿಗೆ ಬೇರೆ ಸಾಲು ಇಲ್ಲದಿದ್ದರೆ ಯಾವ ದೇಶದ ಸಾಲಿಗೆ ಸೇರಿಸಬಹುದು ಅಂತ ಒಂದು ಸಾಲು ಬರೆದರೆ ಮುಗಿಯಿತು. ಅದರ ಬಗ್ಗೆ ಜಗಳ ಆಡೋಕೆ ಬೇರೆಯವರಿದ್ದಾರೆ.

ಇರಾನಿನ ಸಬಲಾನ್ ಕೂಡ ಎಂ47ಎಂ ಮೇಲೆ 105 ಮಿ.ಮೀ. ತೋಪು ಕೂರಿಸಿದ ಟ್ಯಾಂಕೇ. ನೋಡೋಕೆ ಜೋರಾಗಿದೆ, ಆಸೆಯಾಗುತ್ತದೆ. ಆದರೆ ಪ್ರದರ್ಶನದ ಫೋಟೋ ಇಟ್ಟುಕೊಂಡು ಕವಚದ ಅಂಕಿ ಊಹಿಸೋಕೆ ಹೋಗಬೇಡಿ. ಒಂದು ಪತ್ರಕ್ಕೆ ಒಂದೇ ಟ್ಯಾಂಕ್ ಇರಲಿ.

ಇನ್ನು ದಾಖಲೆ. ಮೂಲ ಎಂ47ರ ಅಮೆರಿಕನ್ ಕೈಪಿಡಿಗಳು ಈಗ ಬಹಿರಂಗವಾಗಿ ಸಿಗುತ್ತವೆ. ಒಡಲಿನ ಅಳತೆ, ಗುಂಡು ಜೋಡಿಸುವ ಜಾಗ, ಟರೆಟ್ ತಿರುಗುವ ಬಗೆ ಎಲ್ಲ ಅಲ್ಲಿಂದಲೇ ತೆಗೆಯಿರಿ. ಆದರೆ ಮೂಲದ 71 ಗುಂಡುಗಳ ಲೆಕ್ಕವನ್ನು ಇ2ಗೆ ನೇರವಾಗಿ ನಕಲು ಮಾಡಬೇಡಿ. 105ರ ಗುಂಡು ದೊಡ್ಡದು, ಅಷ್ಟು ಹಿಡಿಯುವುದಿಲ್ಲ. ಇ2ಗೇ ಸೇರಿದ ಬದಲಾವಣೆಗಳಿಗೆ ಸ್ಪ್ಯಾನಿಷ್ ಭಾಷೆಯ ಸೇನಾ ಪತ್ರಿಕೆಗಳು, ಮ್ಯೂಸಿಯಂನಲ್ಲಿ ನಿಂತಿರುವ ಟ್ಯಾಂಕುಗಳ ಫೋಟೋ ಹುಡುಕಿ. ಫೋಟೋದಲ್ಲಿ ಮೂರು ಕಡೆ ಕಣ್ಣಿಡಿ: ಮುಂಭಾಗದ ಮೆಷಿನ್ ಗನ್ ಜಾಗ ಮುಚ್ಚಿದೆಯೋ ತೆರೆದಿದೆಯೋ, ಟರೆಟ್‌ನ ಎರಡೂ ಬದಿಗೆ ಕಿವಿಯಂತೆ ಉಬ್ಬಿರುವ ರೇಂಜ್‌ಫೈಂಡರ್ (ಗುರಿಯ ದೂರ ಅಳೆಯುವ ಉಪಕರಣ) ಉಳಿದಿದೆಯೋ, ಹಿಂಭಾಗದ ಇಂಜಿನ್ ಮುಚ್ಚಳ ಎಂ60ರಂತೆ ಇದೆಯೋ. ಸಿಬ್ಬಂದಿ ಎಷ್ಟು, ಗುರಿ ಹಿಡಿಯುವುದು ಹೇಗೆ, ಇಂಜಿನ್ ಯಾವುದು ಅನ್ನೋದಕ್ಕೆ ಈ ಮೂರೂ ನೇರ ಸಾಕ್ಷಿ. ಒಂದೊಂದಕ್ಕೂ ಬಾಣದ ಗುರುತು ಹಾಕಿ ಕಳಿಸಿ.

ಗೌಪ್ಯ ಅಂತ ಮುದ್ರೆ ಇರುವ ಯಾವ ಕಾಗದವನ್ನೂ ಮುಟ್ಟಬೇಡಿ. ವಾರ್ ಥಂಡರ್ ಆಡುವವರು 2021ರಲ್ಲಿ ವಾದ ಗೆಲ್ಲೋಕೆ ಅಂತ ಚಾಲೆಂಜರ್ 2, ಲೆಕ್ಲೆರ್ಕ್ ಟ್ಯಾಂಕುಗಳ ಕಾಗದ ಹಾಕಿ ಪ್ರಪಂಚದಾದ್ಯಂತ ಸುದ್ದಿಯಾಗಿದ್ದು ನಿಮಗೂ ಗೊತ್ತಿರಬಹುದು. ಅಂಥ ದಾಖಲೆಯನ್ನು ಕಂಪನಿ ಬಳಸುವುದೂ ಇಲ್ಲ. ನಿಮ್ಮ ಟ್ಯಾಂಕ್ ಅಷ್ಟು ಹಳೆಯದು, ಆ ಉಸಾಬರಿ ಬೇಕಾಗೂ ಇಲ್ಲ.

ನಾನಾಗಿದ್ದರೆ ಪತ್ರದ ಮೊದಲ ಪ್ಯಾರಾ ಹೀಗೆ ಬರೆಯುತ್ತಿದ್ದೆ: "ಎಂ47ಇ2 ಅಂದರೆ 105 ಮಿ.ಮೀ. ತೋಪು ಹೊತ್ತ ಎಂ47. ಹೊಡೆತ ಲೆಪರ್ಡ್ 1ರ ಸಾಲಿನದು, ವೇಗ ಅದಕ್ಕಿಂತ ಕಡಿಮೆ, ಒಡಲಿನ ಮುಂಭಾಗ ಅದಕ್ಕಿಂತ ದಪ್ಪ. ತೋಪು ಕೆಳಕ್ಕೆ 5 ಡಿಗ್ರಿ ಮಾತ್ರ ಬಾಗುವುದರಿಂದ ಎಂ48ಎ5ರಂತೆ ದಿಬ್ಬದ ಮರೆಯಿಂದ ಆಡಲಾಗದು. ಮೂಲ ಎಂ47 ಈಗಾಗಲೇ ಗೇಮ್‌ನಲ್ಲಿ ಇರುವುದರಿಂದ ಒಡಲು ಮತ್ತು ಟರೆಟ್ ಮಾಡೆಲ್ ಮಾಡುವ ಕೆಲಸ ಬಹುಪಾಲು ಮುಗಿದಿದೆ."

ಕೊನೆಯ ಸಾಲನ್ನು ಬಿಡಬೇಡಿ. ಹೊಸ ಟ್ಯಾಂಕ್ ಮಾಡೋಕೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ, ಅದರಲ್ಲಿ ಅರ್ಧ ಮೊದಲೇ ಆಗಿದೆ ಅಂದರೆ ಯಾರಿಗಾದರೂ ಖುಷಿಯೇ. ಇತಿಹಾಸದ ಪುಟಗಳು, ಸೈನ್ಯದ ಗುರುತುಗಳು, ಬಣ್ಣಗಳು ಎಲ್ಲ ಆಮೇಲೆ, ಆಸಕ್ತಿ ಇದ್ದವರು ಕೆಳಗೆ ಓದಿಕೊಳ್ಳಲಿ. ಪತ್ರ ಬರೆದ ಮೇಲೆ ಇಲ್ಲೇ ಕೆಳಗೆ ಹಾಕಿ, ಅಂಕಿಗಳನ್ನು ಒಂದು ಸಲ ನೋಡಿಕೊಡುತ್ತೇನೆ.